‘ಆಯ್ತು ಸಾರ್’ ಅಂದರೆ ಒಪ್ಪಿಗೆಯಲ್ಲ: ಮಾಜಿ ಸೈನಿಕರ ಕುಡಿತ ಬಿಡಿಸುವ ಆಪ್ತಸಮಾಲೋಚಕರಿಗೆ

ಮಾಜಿ ಸೈನಿಕರು ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮುಂಚೆ ಬಂದು, ಬೆನ್ನು ನೆಟ್ಟಗೆ ಮಾಡಿ ಕೂತು, ನೀವು ಹೇಳಿದ್ದಕ್ಕೆಲ್ಲ ‘ಆಯ್ತು ಸಾರ್’ ಅನ್ನುತ್ತಾರೆ. ಇಂಥ ಪೇಷೆಂಟ್ ಸಿಕ್ಕರೆ ಕೆಲಸ ಸಲೀಸು ಎಂದು ಹೊಸಬರು ಖುಷಿಪಡುತ್ತಾರೆ, ಮೂರನೇ ವಾರ ಕುರ್ಚಿ ಖಾಲಿ ಕಂಡಾಗ ಕಕ್ಕಾಬಿಕ್ಕಿಯಾಗುತ್ತಾರೆ. ಆ ‘ಆಯ್ತು ಸಾರ್’ ಹುಕುಂ ಮುಟ್ಟಿದೆ ಎಂಬುದಕ್ಕೆ ಕೊಟ್ಟ ರಸೀದಿ, ಅಷ್ಟೆ. ಹದಿನೈದಿಪ್ಪತ್ತು ವರ್ಷ ಬೇರೆಯವರ ಆರ್ಡರ್ ಮೇಲೆ ಬದುಕಿದವರಿಗೆ ನೀವೂ ಆರ್ಡರ್ ಕೊಟ್ಟರೆ ಅದನ್ನು ಒಂದು ವಾರ ಪಾಲಿಸುತ್ತಾರೆ. ಕುಡಿತ ಬಿಡುವ ತೀರ್ಮಾನ ಮಾತ್ರ ಅವರದಾಗಿರುವುದಿಲ್ಲ.

ಅರ್ಹತೆಯ ಮಾತು ಚಿಕ್ಕದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ) ಅಥವಾ ಮನಶ್ಶಾಸ್ತ್ರ ಓದಿದವರು ವ್ಯಸನಮುಕ್ತಿ ಕೇಂದ್ರಗಳಲ್ಲಿ ಆಪ್ತಸಮಾಲೋಚಕರಾಗಿ ಕೆಲಸ ಮಾಡುತ್ತಾರೆ. ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ, ಆದರೆ ಮಾತ್ರೆಯಿಂದ ಏನೇನು ಎಡವಟ್ಟಾಗುತ್ತದೆ ಎಂಬುದು ನಿಮಗೆ ಗೊತ್ತಿರಲೇಬೇಕು. ವೈದ್ಯರ ಮುಂದೆ ಹೇಳದ್ದನ್ನು ಜನ ನಿಮ್ಮ ಹತ್ತಿರ ಹೇಳುತ್ತಾರೆ.

ಮೊದಲು ಬಾಟ್ಲಿಯ ಲೆಕ್ಕ

‘ದಿನಾ ಎರಡೇ ಪೆಗ್ ಸಾರ್.’ ಯಾವ ಪೆಗ್? ಮೆಸ್‌ನ ಅಳತೆಯಲ್ಲಿ ಸ್ಮಾಲ್ ಅಂದರೆ 30 ಮಿ.ಲೀ., ಲಾರ್ಜ್ ಅಂದರೆ 60. ಮನೆಯ ಸ್ಟೀಲ್ ಲೋಟಕ್ಕೆ ಅಳತೆಯೇ ಇಲ್ಲ. ಆದ್ದರಿಂದ ಪೆಗ್ ಕೇಳಬೇಡಿ, ಬಾಟ್ಲಿ ಕೇಳಿ: ‘750ರದ್ದು ಎಷ್ಟು ದಿನಕ್ಕೆ ಮುಗಿಯುತ್ತೆ?’ ರಮ್ಮಿನಲ್ಲಿ ಆಲ್ಕೋಹಾಲ್ ಶೇ. 42.8. 750ನ್ನು 0.428ರಿಂದಲೂ ಆಲ್ಕೋಹಾಲಿನ ಸಾಂದ್ರತೆಯಾದ 0.79ರಿಂದಲೂ ಗುಣಿಸಿದರೆ ಸುಮಾರು 254 ಗ್ರಾಂ ಶುದ್ಧ ಆಲ್ಕೋಹಾಲ್. 10 ಗ್ರಾಂಗೆ ಒಂದು ಯೂನಿಟ್ ಎಂದರೆ ಬಾಟ್ಲಿಗೆ 25 ಯೂನಿಟ್. ಎರಡು ದಿನಕ್ಕೊಂದು ಬಾಟ್ಲಿ ಅಂದರೆ ದಿನಕ್ಕೆ ಹನ್ನೆರಡೂವರೆ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ‘ಕ್ಯಾಂಟೀನ್‌ದು ಮುಗಿದ ಮೇಲೆ?’ ಸೇನೆಯ ಕ್ಯಾಂಟೀನಿನಲ್ಲಿ ಸಿಗುವ ತಿಂಗಳ ಮದ್ಯದ ಕೋಟಾ ಮೊದಲ ಹತ್ತು ದಿನಕ್ಕೇ ತೀರಿ, ಉಳಿದ ಇಪ್ಪತ್ತು ದಿನ ಊರಿನ ಅಂಗಡಿಯ ಕ್ವಾರ್ಟರ್ ಮೇಲೆ ನಡೆಯುವುದು ಸಾಮಾನ್ಯ. ಅದನ್ನು ಅವರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಕುಡಿತದ ಮಟ್ಟ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪ್ರಶ್ನಾವಳಿಯಲ್ಲಿ 10 ಪ್ರಶ್ನೆ, ಒಟ್ಟು 40 ಅಂಕ. 8 ಮುಟ್ಟಿದರೆ ಕುಡಿತ ಅಪಾಯದ ಮಟ್ಟದಲ್ಲಿದೆ, 20 ಮುಟ್ಟಿದರೆ ಅವಲಂಬನೆ ಇರುವ ಸಾಧ್ಯತೆ ಹೆಚ್ಚು. ಎಡವುವುದು ಮೂರನೇ ಪ್ರಶ್ನೆಯಲ್ಲಿ: ಒಂದೇ ಸಲಕ್ಕೆ ಆರು ಅಥವಾ ಹೆಚ್ಚು ಡ್ರಿಂಕ್ ಎಷ್ಟು ಬಾರಿ? ‘ಆರು ಪೆಗ್ ಜನ್ಮದಲ್ಲೇ ಕುಡಿದಿಲ್ಲ’ ಅನ್ನುತ್ತಾರೆ, ಸುಳ್ಳೂ ಹೇಳುತ್ತಿಲ್ಲ. ಆದರೆ 180 ಮಿ.ಲೀ.ನ ಒಂದು ಕ್ವಾರ್ಟರಿನಲ್ಲೇ ಆರು ಯೂನಿಟ್ ಇದೆ. ಪರಿವರ್ತನೆ ನೀವು ಮಾಡಬೇಕು. ಫಾರಂ ಅವರ ಕೈಗೆ ಕೊಟ್ಟು ತುಂಬಿಸಿದರೆ ಅಂಕ ಕಡಿಮೆ ಬಂದೇ ಬರುತ್ತದೆ.

ದಿಢೀರ್ ನಿಲ್ಲಿಸಿದರೆ ಪ್ರಾಣಕ್ಕೆ ಅಪಾಯ

ಆಪ್ತಸಮಾಲೋಚನೆಗೆ ಮುಂಚೆ ಇದು. ಹತ್ತಾರು ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಗೋಡೆ ಮೇಲೆ ಹುಳ ಕಾಣುತ್ತವೆ, ಜಾಗ ಹೊತ್ತು ತಿಳಿಯುವುದಿಲ್ಲ, ಜ್ವರ ಏರುತ್ತದೆ. ಇದು ಡೆಲಿರಿಯಂ ಟ್ರೆಮೆನ್ಸ್. ಚಿಕಿತ್ಸೆ ತಡವಾದರೆ ಸಾವೂ ಉಂಟು.

ಇದು ನಡೆಯುವುದು ಎಲ್ಲಿ? ಅಯ್ಯಪ್ಪನ ಮಾಲೆ ಹಾಕಿದ ಎರಡನೇ ದಿನ. ಮಂಡಿ ಆಪರೇಷನ್ನಿಗೆಂದು ಸೇರಿದ ಮೂರನೇ ದಿನ, ಸರ್ಜರಿ ವಾರ್ಡಿನಲ್ಲಿ. ಹೆಂಡತಿ ತಲೆ ಮೇಲೆ ಕೈಯಿಡಿಸಿಕೊಂಡು ಆಣೆ ಮಾಡಿಸಿದ ರಾತ್ರಿ. ಹಾಗಾಗಿ ‘ಇವತ್ತಿನಿಂದಲೇ ಬಿಟ್ಟೆ ಸಾರ್’ ಎಂದಾಗ ಶಹಬ್ಬಾಸ್ ಹೇಳುವ ಮುಂಚೆ ನಾಲ್ಕು ವಿಷಯ ಕೇಳಿ: ಕೊನೆಯ ಗುಟುಕು ಎಷ್ಟು ಹೊತ್ತಿಗೆ? ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆಯೇ? ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಸನ್ನಿಯಾಗಿತ್ತೇ? ಮನೆಯಲ್ಲಿ ಕುಡಿಯದೆ ಜೊತೆಗಿರುವವರು ಯಾರು? ಹಿಂದೆ ಫಿಟ್ಸ್ ಅಥವಾ ಸನ್ನಿ ಆಗಿದ್ದರೆ ಮನೆಯಲ್ಲಿ ಬಿಡಿಸುವ ಮಾತೇ ಬೇಡ, ಆಸ್ಪತ್ರೆಗೆ ಕಳಿಸಿ. ಅಲ್ಲಿ ನಡುಕ, ಬೆವರು, ಗಾಬರಿ ಮುಂತಾದ 10 ಅಂಶ ನೋಡಿ 67ಕ್ಕೆ ಅಂಕ ಕೊಡುವ ಸೀವಾ ಪಟ್ಟಿ ಇಟ್ಟುಕೊಂಡು, ಅದಕ್ಕೆ ತಕ್ಕಂತೆ ಔಷಧಿ ಕೊಡುತ್ತಾರೆ.

ಹಳ್ಳಿಗಳಲ್ಲಿ ಒಂದು ಅಭ್ಯಾಸವಿದೆ: ಸುಸ್ತು ಎಂದ ಕೂಡಲೇ ‘ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿ’. ವರ್ಷಗಟ್ಟಲೆ ಊಟ ಬಿಟ್ಟು ಕುಡಿದವರ ಮೈಯಲ್ಲಿ ಥಯಮಿನ್, ಅಂದರೆ ಬಿ1 ಜೀವಸತ್ವ, ಬತ್ತಿರುತ್ತದೆ. ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿಕ್ಕಿದ್ದೂ ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತೂರಾಡುವುದು, ಕಣ್ಣುಗುಡ್ಡೆ ಸರಿಯಾಗಿ ಹೊರಳದಿರುವುದು, ಗೊಂದಲ ಇದರ ಚಿಹ್ನೆ. ‘ಇನ್ನೂ ಅಮಲು ಇಳಿದಿಲ್ಲ’ ಎಂದು ಮನೆಯವರು ಸುಮ್ಮನಿರುವುದು ಇಂಥ ಹೊತ್ತಿನಲ್ಲೇ. ಮನೆಯವರಿಗೆ ಈ ಮೂರು ಚಿಹ್ನೆಗಳನ್ನು ಚೀಟಿಯಲ್ಲಿ ಬರೆದುಕೊಡಿ.

ಮಾತಿನ ವರಸೆ

ಹೇಗೆ ಕರೆಯಬೇಕು ಎಂದು ಅವರನ್ನೇ ಕೇಳಿ. ‘ಸುಬೇದಾರ್ ಸಾಹೇಬ್ರೇ’ ಎಂದಾಗ ಕೆಲವರ ಮುಖ ಅರಳುತ್ತದೆ. ಆ ಬದುಕು ಮುಗಿಯಿತು, ಬರೀ ಹೆಸರು ಸಾಕು ಎನ್ನುವವರೂ ಇದ್ದಾರೆ. ಏಕವಚನವಂತೂ ಯಾರಿಗೂ ಬೇಡ, ನಿಮಗಿಂತ ಕಿರಿಯರಾದರೂ.

ನಂತರ ಆರ್ಡರ್ ಕೊಡದೆ ಪ್ರಶ್ನೆ ಕೇಳುವುದು. ‘ಬಿಡಬೇಕು ಅನ್ನೋದು ಹತ್ತರಲ್ಲಿ ಎಷ್ಟಿದೆ ನಿಮಗೆ?’ ‘ನಾಲ್ಕು ಇರಬಹುದು.’ ಇಲ್ಲಿ ‘ಯಾಕೆ ಎಂಟಿಲ್ಲ?’ ಎಂದು ಕೇಳಿದರೆ ಕೆಟ್ಟಿತು, ಕುಡಿತದ ಪರವಾಗಿ ವಕಾಲತ್ತು ಶುರುವಾಗುತ್ತದೆ. ‘ಎರಡು ಅನ್ನದೆ ನಾಲ್ಕು ಯಾಕಂದ್ರಿ?’ ಎಂದು ಕೇಳಿ. ‘ಮಗಳ ಮದುವೆ ಮಾತು ನಡೀತಿದೆ, ಗಂಡಿನ ಕಡೆಯವರು ಬಂದಾಗ ಕೈ ನಡುಗಿ ಕಾಫಿ ಚೆಲ್ಲಿತು.’ ಬಿಡಲು ಕಾರಣ ಈಗ ಅವರ ಬಾಯಿಂದಲೇ ಬಂತು. ಅದೇ ಮಾತನ್ನು ಅವರ ಪದಗಳಲ್ಲೇ ಬರೆದಿಟ್ಟುಕೊಳ್ಳಿ, ಮುಂದಿನ ಸಲ ಅಲ್ಲಿಂದಲೇ ಶುರು ಮಾಡಿ.

ಯುದ್ಧದ ಕಥೆ ಕೆದಕಬೇಡಿ. ಕಾಶ್ಮೀರ, ಸಿಯಾಚಿನ್ ಎಂದ ಕೂಡಲೇ ಎಲ್ಲವೂ ಆಘಾತದಿಂದಲೇ ಎಂದುಕೊಳ್ಳುವುದು ಸಿನಿಮಾ ನೋಡಿದವರ ಅವಸರ. ಬಹಳ ಮಂದಿಯ ಕುಡಿತ ಏರುವುದು ಪೆನ್ಷನ್ ಬಂದು ಊರಿಗೆ ಮರಳಿದ ಮೇಲೆ. ವಯಸ್ಸು ನಲವತ್ತರ ಆಸುಪಾಸು, ಹವಾಲ್ದಾರರಾಗಿ ಹತ್ತು ಜನರನ್ನು ನಡೆಸಿದವರಿಗೆ ಈಗ ಎ.ಟಿ.ಎಂ. ಕಾಯುವ ಕೆಲಸ, ಅಣ್ಣತಮ್ಮಂದಿರ ಜೊತೆ ಜಮೀನಿನ ತಕರಾರು. ಇಷ್ಟು ವರ್ಷ ಒಬ್ಬಳೇ ಮನೆ ನಡೆಸಿದ ಹೆಂಡತಿಗೆ ಇವರ ಹುಕುಂ ಬೇಕಿಲ್ಲ. ಇದನ್ನೂ ಕೇಳಿ.

ಆಘಾತದ ಲಕ್ಷಣ ಇದೆ ಎನಿಸಿದರೆ ಪಿ.ಸಿ.ಎಲ್.-5 ಪಟ್ಟಿ ಬಳಸಿ. 20 ಪ್ರಶ್ನೆ, 80 ಅಂಕ, 31ರಿಂದ 33ರ ಮೇಲೆ ಬಂದರೆ ತಜ್ಞರಿಗೆ ತೋರಿಸಿ. ‘ಮೊದಲು ಕುಡಿತ ಪೂರ್ತಿ ಬಿಡಿ, ಆಮೇಲೆ ಅದನ್ನು ನೋಡೋಣ’ ಎಂದು ಮುಂದೂಡಬಾರದು. ಎರಡಕ್ಕೂ ಒಟ್ಟಿಗೇ ಚಿಕಿತ್ಸೆ ಸಾಗಬೇಕು, ಯಾಕೆಂದರೆ ಎರಡನ್ನೂ ಜೋಡಿಸುವ ಕೊಂಡಿ ನಿದ್ದೆ. ಕೆಟ್ಟ ಕನಸು ಬಾರದಿರಲಿ ಎಂದು ಕುಡಿಯುತ್ತಾರೆ, ಮದ್ಯ ಕನಸಿನ ನಿದ್ದೆಯನ್ನು ಅದುಮಿಡುತ್ತದೆ. ಬಿಟ್ಟ ಮೇಲೆ ಅದುಮಿಟ್ಟದ್ದು ನುಗ್ಗಿ ಬರುತ್ತದೆ: ಕೆಲವು ವಾರ ನಿದ್ದೆ ಮೊದಲಿಗಿಂತ ಕೆಟ್ಟು, ಕನಸು ಹೆಚ್ಚುತ್ತದೆ. ಇದನ್ನು ಮುಂಚೆಯೇ ಹೇಳದಿದ್ದರೆ ಎರಡನೇ ವಾರ ‘ಕುಡಿಯುವಾಗಲೇ ಚೆನ್ನಾಗಿದ್ದೆ’ ಎಂದು ಬಾಟ್ಲಿಗೆ ಮರಳುತ್ತಾರೆ.

ಕ್ಯಾಂಟೀನ್ ಕಾರ್ಡ್

ಬೇರೆ ವ್ಯಸನಮುಕ್ತಿ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ, ಇಲ್ಲಿ ಇದೇ ಅರ್ಧ ಕೆಲಸ. ಸೇನೆಯ ಕ್ಯಾಂಟೀನಿನಲ್ಲಿ ಹುದ್ದೆಗೆ ತಕ್ಕ ತಿಂಗಳ ಕೋಟಾ, ಅಂಗಡಿಗಿಂತ ಕಡಿಮೆ ದರ. ಅದು ಅವರಿಗೆ ಬರೀ ಎಣ್ಣೆಯಲ್ಲ, ಸರ್ವಿಸ್ ಮಾಡಿ ಗಳಿಸಿದ ಹಕ್ಕು. ಕುಡಿಯದವರೂ ಕೋಟಾ ಬಿಡದೆ ತರುತ್ತಾರೆ. ಮೇಲಾಗಿ ಊರಿಗೆ ಊರೇ ಕೇಳುತ್ತದೆ: ಭಾವನ ಗೃಹಪ್ರವೇಶಕ್ಕೆ ಎರಡು, ಪಂಚಾಯ್ತಿ ಮೆಂಬರಿಗೆ ಒಂದು. ಕಾರ್ಡ್ ಮುರಿದುಹಾಕಿ ಎಂದರೆ ‘ಆಯ್ತು ಸಾರ್’ ಅನ್ನುತ್ತಾರೆ, ಮಾಡುವುದಿಲ್ಲ.

ಮಾಡಬೇಕಾದ್ದು ಹೀಗೆ. ಮೊದಲ ಮೂರು ತಿಂಗಳಿಗೆ ಮಾತ್ರ ಎಂದು ಅವಧಿ ಕಟ್ಟಿ, ಕಾರ್ಡನ್ನು ಯಾರ ಕೈಗೆ ಕೊಡುವುದೆಂದು ಅವರೇ ಆರಿಸಲಿ. ಮನೆ ಸಾಮಾನು ತರಲು ಹೆಂಡತಿಯೋ ಮಗನೋ ಹೋಗಲಿ, ಕುಡಿತ ಬಿಡುತ್ತಿರುವವರಿಗೆ ಮದ್ಯದ ಕೌಂಟರಿನ ಹತ್ತಿರ ಸುಳಿದಾಡುವ ಕೆಲಸ ಬೇಡ. ನೆಂಟರಿಗೆ ಹೇಳುವ ಉತ್ತರ ಮೊದಲೇ ತಯಾರಿರಲಿ: ‘ಡಾಕ್ಟರು ಕಾರ್ಡ್ ಇಸ್ಕೊಂಡಿದ್ದಾರೆ.’ ಆ ಮಾತನ್ನು ನಿಮ್ಮೆದುರು ಐದಾರು ಸಲ ಬಾಯಿಬಿಟ್ಟು ಆಡಿಸಿ, ಬಾಟ್ಲಿಗೆ ಒತ್ತಾಯಿಸುವ ಭಾವನ ಪಾತ್ರ ನೀವು ವಹಿಸಿ. ಕೊಡಗಿನಂಥ ಕಡೆ ಮದುವೆ ಮನೆಯಲ್ಲಿ ಗ್ಲಾಸು ಬೇಡವೆನ್ನುವುದು ಸುಲಭದ ಕೆಲಸವಲ್ಲ, ಅಲ್ಲಿಯವರಿಗೆ ಈ ತಾಲೀಮು ಇನ್ನೂ ಹೆಚ್ಚು ಬೇಕು. ಕ್ಯಾಂಟೀನ್ ಬಾಟ್ಲಿ ಮಾರಿ ನಾಲ್ಕು ಕಾಸು ಮಾಡುವ ಮನೆಗಳೂ ಇವೆ. ಅದು ನಿಯಮಬಾಹಿರ, ಆದರೆ ನೀವು ಪೊಲೀಸರಲ್ಲ. ಮನೆಯೊಳಗೆ ಬಾಟ್ಲಿ ಬರುವ ದಾರಿ ಅದೂ ಒಂದು ಎಂದು ತಿಳಿದಿರಬೇಕು, ಅಷ್ಟೆ. (ಗುಣವಾದವರು ಪ್ರೀತಿಯಿಂದ ನಿಮಗೇ ಒಂದು ಬಾಟ್ಲಿ ತಂದುಕೊಡುವುದುಂಟು. ಬೇಡ.)

ಕೋವಿ, ಮಾತ್ರೆ

ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಜೊತೆಗೆ ಕೋವಿ ಎಲ್ಲಿದೆ, ತೋಟಾ ಎಲ್ಲಿದೆ ಎಂದೂ ಕೇಳಿ. ಬ್ಯಾಂಕಿನ ಗನ್‌ಮ್ಯಾನ್‌ಗಳಲ್ಲಿ ಮಾಜಿ ಸೈನಿಕರು ಬಹಳ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ) ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯ್ತಿ ಇದೆ, ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ನಡೆಯುತ್ತದೆ. ಅಂಥ ಮನೆಯಲ್ಲಿ ‘ಕೋವಿ ಕೊಟ್ಟುಬಿಡಿ’ ಎಂದರೆ ಅವಮಾನವಾಗುತ್ತದೆ. ‘ನಿದ್ದೆ ಸರಿಯಾಗುವ ತನಕ ತೋಟಾ ತಮ್ಮನ ಮನೆಯಲ್ಲಿರಲಿ, ಬೀರುವಿನ ಕೀಲಿ ಅಮ್ಮನ ಹತ್ತಿರ’ ಎಂದರೆ ಒಪ್ಪುತ್ತಾರೆ. ರಾತ್ರಿ ತುರ್ತು ಬಿದ್ದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಡೈಸಲ್ಫಿರಾಂ ಮಾತ್ರೆ ತಿಂದು ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿಯುತ್ತದೆ. ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಪರಿಣಾಮ ಉಳಿಯಬಹುದು. ಇದನ್ನೇ ಪುಡಿ ಮಾಡಿ ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಲು ಹೆಂಡತಿ ಕೇಳಿಯೇ ಕೇಳುತ್ತಾರೆ, ಪೇಪರಿನಲ್ಲಿ ಅಂಥ ಪುಡಿಯ ಜಾಹೀರಾತೂ ಬರುತ್ತದೆ. ಖಡಾಖಂಡಿತವಾಗಿ ಬೇಡ ಎನ್ನಿ: ಗೊತ್ತಿಲ್ಲದೆ ಒಂದು ಕ್ವಾರ್ಟರ್ ಹಾಕಿದರೆ ಹೃದಯದ ತೊಂದರೆ ಇರುವವರು ಉಳಿಯದಿರಬಹುದು. ನಾಲ್ಟ್ರೆಕ್ಸೋನ್ ಕುಡಿಯುವ ತುಡಿತ ತಗ್ಗಿಸುತ್ತದೆ, ಆದರೆ ಮಂಡಿನೋವು ಸೊಂಟನೋವಿಗೆ ಟ್ರಮಡಾಲ್ ನುಂಗುವವರಿಗೆ ಕೊಟ್ಟರೆ ಮೈಯೆಲ್ಲ ಹಿಂಡುವ ಯಾತನೆ ಶುರುವಾಗುತ್ತದೆ. ನೋವಿನ ಮಾತ್ರೆಯನ್ನು ಇವರು ‘ಔಷಧಿ’ ಎಂದು ಹೇಳುವುದೇ ಇಲ್ಲ. ಇರುವ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಚೀಲದಲ್ಲಿ ತರಲು ಹೇಳಿ, ಮೇಜಿನ ಮೇಲೆ ಸುರಿದು ನೋಡಿ.

ಗುಟ್ಟು, ಕಾಗದಪತ್ರ

ಮೊದಲ ಭಯ ‘ಪೆನ್ಷನ್ ನಿಲ್ಲಿಸ್ತಾರಾ?’ ಚಿಕಿತ್ಸೆ ಪಡೆದರೆಂದು ಪೆನ್ಷನ್ ನಿಲ್ಲುವುದಿಲ್ಲ. ಸರ್ವಿಸಿನಲ್ಲಿದ್ದಾಗ ಕುಡಿತದ ಚಿಕಿತ್ಸೆ ಅಂದರೆ ಮೆಡಿಕಲ್ ಕೆಟಗರಿ (ಸೇವೆಗೆ ಬೇಕಾದ ದೇಹಸ್ಥಿತಿಯ ದರ್ಜೆ) ಇಳಿಯುವುದು ಎಂಬ ಹಳೆಯ ಹೆದರಿಕೆ ಈಗಲೂ ಮೈಗಂಟಿರುತ್ತದೆ. ಮಾಜಿ ಸೈನಿಕರನ್ನು ಮರಳಿ ಸೇರಿಸಿಕೊಳ್ಳುವ ಡಿ.ಎಸ್.ಸಿ. (ರಕ್ಷಣಾ ಭದ್ರತಾ ದಳ) ಸೇರಬೇಕೆಂದಿರುವವರಿಗೆ ಅದು ಈಗಲೂ ನಿಜದ ಚಿಂತೆ. ಪೆನ್ಷನ್ ಕಡತದ ವಿಚಾರಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ ಕಳಿಸಿ, ನೀವು ಊಹೆ ಹೇಳಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಆದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್.ನ ಪಾಲಿಕ್ಲಿನಿಕ್ಕಿನಿಂದ ರೆಫರಲ್ ಪಡೆದರೆ ಚೀಟಿ ಯಾರ ಕೈಯೆಲ್ಲ ದಾಟುತ್ತದೆ, ಅಲ್ಲಿ ಕೂತವರೂ ಮಾಜಿ ಸೈನಿಕರೇ ಇರಬಹುದು ಎಂಬುದನ್ನು ಮುಚ್ಚಿಡದೆ ತಿಳಿಸಿ. ಬೇಕಾದರೆ ನೇರವಾಗಿ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಥವಾ ಜಿಲ್ಲಾಸ್ಪತ್ರೆಗೆ ಹೋಗಲಿ.

‘ಹಿಡ್ಕೊಂಡು ಹೋಗಿ ಸೇರಿಸಿ’ ಎಂದು ಮನೆಯವರು ಅಂಗಲಾಚಿದರೂ, ಅದೇ ಕಾಯ್ದೆಯ ಪ್ರಕಾರ ಮನೋವೈದ್ಯರೊಬ್ಬರು ಮತ್ತು ಇನ್ನೊಬ್ಬ ವೈದ್ಯ ಅಥವಾ ಮಾನಸಿಕ ಆರೋಗ್ಯ ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಿದರೆ ಮಾತ್ರ, ಅದೂ ಮೊದಲಿಗೆ 30 ದಿನದ ಮಿತಿಯಲ್ಲಿ.

ಗುಂಪಿನಲ್ಲಿ ಕೂರಿಸುವಾಗ ಹುದ್ದೆ ನೋಡಿ. ಸುಬೇದಾರರಿದ್ದರೆ ಸಿಪಾಯಿ ಬಾಯಿಬಿಡುವುದಿಲ್ಲ. ಕಿರಿಯರಿಂದ ಮಾತು ಶುರು ಮಾಡಿಸಿ, ಆಫೀಸರುಗಳಿಗೆ ಬೇರೆ ಗುಂಪು ಮಾಡಿ.

ಕ್ಯಾಲೆಂಡರ್, ಮರುಕಳಿಕೆ

ಹನ್ನೆರಡು ತಿಂಗಳ ಗೋಡೆ ಕ್ಯಾಲೆಂಡರ್ ತಂದು ಜೊತೆಗೆ ಕೂತು ಕೆಂಪು ಸುತ್ತು ಹಾಕಿ: ಪೆನ್ಷನ್ ಜಮೆಯಾಗುವ ದಿನ, ಜನವರಿ 15ರ ಸೇನಾ ದಿನ, ಜುಲೈ 26ರ ಕಾರ್ಗಿಲ್ ದಿನ, ರೆಜಿಮೆಂಟಿನ ರೈಸಿಂಗ್ ಡೇ (ಸ್ಥಾಪನಾ ದಿನ), ಬ್ಯಾಚ್‌ಮೇಟ್‌ಗಳ ಗೆಟ್‌ಟುಗೆದರ್, ಜೊತೆಗಾರ ತೀರಿಕೊಂಡ ದಿನ. ಪ್ರತಿ ಸುತ್ತಿನ ಕೆಳಗೆ ಆ ಸಂಜೆ ಎಲ್ಲಿರುತ್ತಾರೆ, ಯಾರ ಜೊತೆ ಎಂದು ಬರೆಯಿರಿ. ಮಾಮೂಲಿ ದಿನಗಳಲ್ಲಿ ಕಷ್ಟದ ಹೊತ್ತು ಸಂಜೆ ಆರೂವರೆಯಿಂದ ಎಂಟೂವರೆ. ರೋಲ್ ಕಾಲ್ ಮುಗಿದು ರಮ್ ಸುರಿಯುತ್ತಿದ್ದ ಹೊತ್ತದು. ಊಟ ಏಳಕ್ಕೇ ಆಗಲಿ, ಹೊಟ್ಟೆ ತುಂಬಿದರೆ ತುಡಿತ ತಗ್ಗುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ ಭೇಟಿ, ನಡುವೆ ಒಂದು ಫೋನು, ಆ ಫೋನು ಏಳು ಗಂಟೆಗೇ ಇರಲಿ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿ, ದೊಡ್ಡ ಊರುಗಳಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ ಇದ್ದರೆ ಸೇರಿಸಿ.

ಜಾರುವುದು ಇದ್ದದ್ದೇ. ಜಾರಿದವರು ಡ್ಯೂಟಿ ತಪ್ಪಿಸಿದ ಸಿಪಾಯಿಯ ಹಾಗೆ ತಲೆಮರೆಸಿಕೊಳ್ಳುತ್ತಾರೆ, ಪನಿಷ್‌ಮೆಂಟ್ ಕಾದಿದೆ ಎಂಬ ಭಾವನೆ. ಆದ್ದರಿಂದ ಮೊದಲ ವಾರವೇ ಹೇಳಿಟ್ಟಿರಿ: ಕುಡಿದ ಮರುದಿನ ಬರುವ ಭೇಟಿಗೆ ಅಪಾಯಿಂಟ್‌ಮೆಂಟ್ ಬೇಡ. ಬಂದಾಗ ‘ಯಾಕೆ ಕುಡಿದ್ರಿ’ ಎಂದು ಕೇಳಬೇಡಿ, ಉತ್ತರ ‘ತಪ್ಪಾಯ್ತು ಸಾರ್’ ಎಂದಷ್ಟೇ ಬರುತ್ತದೆ. ‘ನಿನ್ನೆ ಸಂಜೆ ಐದಕ್ಕೆ ಎಲ್ಲಿದ್ರಿ? ಆರಕ್ಕೆ?’ ಎಂದು ಗಂಟೆ ಗಂಟೆಯಾಗಿ ಹಿಂದಕ್ಕೆ ಕರೆದುಕೊಂಡು ಹೋಗಿ. ಪೆಟ್ರೋಲಿಂಗ್ ಮುಗಿಸಿ ರಿಪೋರ್ಟ್ ಕೊಟ್ಟು ರೂಢಿಯಿದ್ದವರು, ಇದನ್ನು ಚೆನ್ನಾಗಿ ಹೇಳುತ್ತಾರೆ. ದಾರಿ ತಪ್ಪಿದ ಜಾಗ ಯಾವುದೆಂದು ಅವರೇ ಬೆರಳಿಟ್ಟು ತೋರಿಸಿದರೆ, ಅದನ್ನು ಕ್ಯಾಲೆಂಡರಿನಲ್ಲಿ ಇನ್ನೊಂದು ಕೆಂಪು ಸುತ್ತಾಗಿ ಅವರ ಕೈಯಿಂದಲೇ ಬರೆಸಿ.