ಬೂಟ್ ಕ್ಯಾಂಪ್‌ಗೆ ಮಕ್ಕಳನ್ನು ಕಳಿಸುವವರಿಗೆ

ಫ್ಲಾರಿಡಾದ ಮೆರಿಟ್ ಐಲ್ಯಾಂಡ್‌ನಲ್ಲಿ ಟೀನ್ ಮಿಷನ್ಸ್ ಎಂಬ ಕ್ರೈಸ್ತ ಸಂಸ್ಥೆಯವರ ಬೂಟ್ ಕ್ಯಾಂಪ್ ಇದೆಯಲ್ಲ, ಹದಿಹರೆಯದವರು ಮಿಷನ್ ಸೇವೆಗೆ ಹೊರಡುವ ಮುಂಚೆ ಟೆಂಟ್‌ನಲ್ಲಿ ಉಳಿದು ತಯಾರಾಗುವ ಜಾಗ. ಅಲ್ಲಿಗೆ ಮಕ್ಕಳನ್ನು ಹೊಸ ಬೂಟು ಹಾಕಿಸಿ ಕಳಿಸಬೇಡಿ. ತಿಂಗಳ ಮುಂಚೆಯೇ ಕೊಂಡು, ದಪ್ಪ ಕಾಲುಚೀಲ ಹಾಕಿಸಿ ದಿನಾ ಒಂದು ಗಂಟೆ ನಡೆಸಿ. ಇಲ್ಲದಿದ್ದರೆ ಎರಡೇ ದಿನಕ್ಕೆ ಹಿಮ್ಮಡಿಯಲ್ಲಿ ಬೊಬ್ಬೆ. ಸೊಳ್ಳೆ ಜಾಸ್ತಿ, ಉದ್ದ ತೋಳಿನ ಅಂಗಿ ಇರಲಿ. ಅಲ್ಲಿ ಬಕೆಟ್ ಸ್ನಾನ, ಅದು ನಮ್ಮ ಮಕ್ಕಳಿಗೆ ಹೊಸದೇನಲ್ಲ ಬಿಡಿ!

ಕ್ಯಾಂಪ್‌ನಲ್ಲಿ ಅಡೆತಡೆ ದಾಟುವ ಓಟವೂ ಇದೆ, ಅದರಲ್ಲಿ ಎತ್ತರದ ಗೋಡೆಯೊಂದನ್ನು ಇಡೀ ತಂಡ ದಾಟಬೇಕು. ಗಟ್ಟಿ ತೋಳಿನ ಇಬ್ಬರು ಮೊದಲು ಹತ್ತಿ ಮೇಲಿಂದ ಎಳೆಯಲಿ. ಭಾರದವರು ನಡುವೆ ಹೋಗಲಿ. ಕೊನೆಗೆ ಉಳಿಯುವವರು ಹಗುರವಾಗಿದ್ದು ಚೆನ್ನಾಗಿ ಹಾರುವವರಾಗಿರಲಿ. ಅವರನ್ನು ಕೆಳಗಿಂದ ಎತ್ತಿಕೊಡಲು ಯಾರೂ ಇರುವುದಿಲ್ಲ, ಅಲ್ವಾ?