ಚಮಕಿ ಹಚ್ಚಿದ ಲಕ್ಷ್ಮಿ

ಅಜ್ಜಿಮನೆಯ ದೇವರ ಕೋಣೆಯಲ್ಲಿದ್ದ ಲಕ್ಷ್ಮಿ ಪಟ ಕೊನೆಗೆ ನನ್ನ ಪಾಲಿಗೆ ಬಂತು. ಬೇರೆ ಯಾರಿಗೂ ಬೇಡವಾಗಿತ್ತು. ರವಿವರ್ಮ ಪ್ರೆಸ್ಸಿನ ಅಚ್ಚಿನ ಚಿತ್ರ ಅದು. ಸೀರೆಯ ಜಾಗಕ್ಕೆ ಯಾರೋ ನಿಜವಾದ ರೇಷ್ಮೆ ತುಂಡು ಅಂಟಿಸಿದ್ದಾರೆ. ಅಂಚಿಗೆ ಜರಿ, ಕಿರೀಟಕ್ಕೆ ಚಮಕಿ, ಕಮಲಕ್ಕೆ ಕತ್ತರಿಸಿದ ಬಣ್ಣದ ಕಾಗದ. ಮುಖ, ಕೈ ಮಾತ್ರ ಅಚ್ಚಿನದು.

ಬೆಲೆ ಕೇಳೋಣ ಅಂತ ಒಂದು ಹಳೇ ಸಾಮಾನಿನ ಅಂಗಡಿಗೆ ಒಯ್ದೆ. "ಬಟ್ಟೆಯೆಲ್ಲ ಕಿತ್ತು ತನ್ನಿ, ಜಾಸ್ತಿ ಕೊಡ್ತೀನಿ" ಅಂದರು. ಸಿಟ್ಟು ಬಂತು. ಪ್ರೆಸ್ಸಿನಿಂದ ಇದೇ ಲಕ್ಷ್ಮಿ ಲೆಕ್ಕವಿಲ್ಲದಷ್ಟು ಬಂದಿದ್ದಾಳೆ. ಈ ಸೀರೆ ಉಟ್ಟವಳು ಒಬ್ಬಳೇ ಅಲ್ವಾ?

ಮನೆಗೆ ತಂದು ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದೆ. ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಹಿಡಿದು ಮುಖ ನೋಡಿದೆ. ಈಗಿನ ಮುದ್ರಣದಲ್ಲಿ ಚುಕ್ಕಿಗಳು ಸಾಲಾಗಿ, ಒಂದೇ ಅಂತರದಲ್ಲಿ ಇರುತ್ತವೆ. ಇಲ್ಲಿ ಅಡ್ಡಾದಿಡ್ಡಿ ಚುಕ್ಕಿ, ಒಂದರ ಮೇಲೊಂದು ಬಣ್ಣ. ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುತ್ತಿದ್ದ ಕಲ್ಲಚ್ಚಿನ ಗುರುತು. ಚೌಕಟ್ಟು ಬಿಚ್ಚಿದಾಗ ಕೆಳಗಂಚಿನಲ್ಲಿ ಕಾರ್ಲಾ, ಲೋಣಾವಳ ಅಂತ ಪ್ರೆಸ್ಸಿನ ಹೆಸರಿತ್ತು. ಪ್ರೆಸ್ಸು 1894ರಲ್ಲಿ ಶುರುವಾದದ್ದು ಮುಂಬೈಯಲ್ಲಿ, ಲೋಣಾವಳದ ಕಡೆ ಹೋದದ್ದು ಆಮೇಲೆ. ಹಾಗಾಗಿ ಇದು ಮುಂಬೈ ಕಾಲದ್ದಲ್ಲ. ಪ್ರೆಸ್ಸನ್ನು ಜರ್ಮನಿಯ ಮುದ್ರಣ ತಂತ್ರಜ್ಞ ಶ್ಲೈಖರ್ ಕೊಂಡ ಮೇಲೂ ರವಿವರ್ಮನ ಹೆಸರೇ ನಡೆಯಿತು. ಹೆಸರು ನೋಡಿ 'ಅವನು ಬದುಕಿದ್ದಾಗಿನದು' ಅಂತ ಹಿಗ್ಗುವ ಹಾಗಿಲ್ಲ.

ಇನ್ನು ನನ್ನ ದಡ್ಡತನ. ಕಿರೀಟದ ಧೂಳು ತೆಗೆಯಲು ಕಡ್ಡಿಗೆ ಸುತ್ತಿದ ಹತ್ತಿಯನ್ನು ನೀರಲ್ಲಿ ಅದ್ದಿ ಒಂದು ಚಮಕಿಗೆ ಮುಟ್ಟಿಸಿದೆ. ಅದು ಮೆತ್ತಗಾಗಿ, ಲೋಳೆಯಾಗಿ, ಕಡ್ಡಿಗೆ ಅಂಟಿಕೊಂಡು ಬಂದೇಬಿಟ್ಟಿತು. ನೀರಿಗೆ ಕರಗುವ ಜೆಲಾಟಿನ್ ಅಂಟಿನ ಚಮಕಿ! ಲೋಹದ್ದು ಅಂದುಕೊಂಡಿದ್ದೆ. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಆದರೆ 1930ರ ದಶಕದಲ್ಲಿ ಇಂಥ ಚಮಕಿ ಬಳಕೆಯಲ್ಲಿತ್ತು ಅಂತ ಓದಿದ್ದು ನೆನಪಾಯಿತು. ಅಲಂಕಾರ ಸುಮಾರು ಆ ಕಾಲದ್ದಿರಬಹುದು. ಒಂದು ಚಮಕಿ ಕೊಟ್ಟು ಇಷ್ಟು ತಿಳಿದುಕೊಂಡೆ.

ಮುಂದೆ ನೀರು ಬಿಟ್ಟೆ. ಮೆತ್ತನೆ ಒಣ ಬ್ರಷ್ಷಷ್ಟೇ. ಜರಿ ಕಪ್ಪಾಗಿದೆ, ಇರಲಿ. ಉಜ್ಜಿದರೆ ಮೇಲಿನ ಬೆಳ್ಳಿ ಪದರವೇ ಹೋಗುತ್ತದೆ. ಹಳೆಯ ಮೈದಾ ಅಂಟನ್ನು ಸಿಲ್ವರ್‌ಫಿಶ್ ಹುಳ ತಿಂದಿತ್ತು, ಸೆರಗು ಎದ್ದು ನಿಂತಿತ್ತು. ಗೋಧಿ ಪಿಷ್ಟದ ಗಟ್ಟಿ ಅಂಟನ್ನು ಸೂಜಿಮೊನೆಯಷ್ಟು ಹಚ್ಚಿ, ಬ್ಲಾಟಿಂಗ್ ಕಾಗದ ಇಟ್ಟು, ಬೆರಳಲ್ಲೇ ಒತ್ತಿದೆ. ಹುಳ ಬಾರದಿರಲಿ ಅಂತ ಅಂಟಿಗೆ ಮೈಲುತುತ್ತ ಹಾಕುವವರಿದ್ದಾರೆ. ನಾನು ಹಾಕಲಿಲ್ಲ, ಅದರಲ್ಲಿರುವ ತಾಮ್ರ ಕಾಗದಕ್ಕೆ ಒಳ್ಳೆಯದಲ್ಲ. ಕಾಗದವೇ ಪುಡಿಯಾಗುತ್ತಿದ್ದರೆ ಇದಕ್ಕೆಲ್ಲ ಕೈ ಹಾಕದೆ, ಹಳೆಯ ಕಲಾಕೃತಿಗಳನ್ನು ಸರಿಪಡಿಸುವ ಬೆಂಗಳೂರಿನ ಇಂಟಾಕ್ ಸಂರಕ್ಷಣಾ ಕೇಂದ್ರಕ್ಕೆ ಕೊಡುತ್ತಿದ್ದೆ.

ಹಿಂದಿನ ಹಲಗೆಯ ಗಂಟುಗಳ ಗುರುತು ಕಾಗದದ ಬೆನ್ನಿಗೆ ಕಂದಾಗಿ ಇಳಿದಿತ್ತು. ಹಲಗೆ ತೆಗೆದು ಆಮ್ಲವಿಲ್ಲದ ರಟ್ಟು ಹಾಕಿಸಿದೆ. ಗಾಜು ಚಮಕಿಗೆ ತಾಗದಂತೆ ನಡುವೆ ದಪ್ಪ ಪಟ್ಟಿ.

ಈಗ ಬಿಸಿಲು ಬೀಳದ ಒಳಗೋಡೆಯಲ್ಲಿದೆ. ಕೆಳಗೆ ದೀಪ ಹಚ್ಚಬಾರದು ಅಂದಿದ್ದಕ್ಕೆ ಅಮ್ಮ ಮುನಿಸಿಕೊಂಡರು. ಪೇಟೆಯಿಂದ ಇನ್ನೊಂದು ಲಕ್ಷ್ಮಿ ಫೋಟೋ ತಂದು ದೀಪ ಅಲ್ಲಿ ಇಟ್ಟಿದ್ದಾರೆ. ಹೂವು ಮಾತ್ರ ಇವತ್ತಿಗೂ ಹಳೆಯವಳಿಗೇ.