ಪ್ರತಿಭಟನೆಗೆ ಹೋಗುವ ಮೊದಲು, ಹೋಗಿ ಬಂದ ಮೇಲೆ

ಮಂಗಳೂರಿನ ಕ್ಲಾಕ್ ಟವರ್ ಬಳಿಯಲ್ಲೋ ಉಡುಪಿ ಅಜ್ಜರಕಾಡಿನ ಹುತಾತ್ಮ ಸ್ಮಾರಕದ ಎದುರಿನಲ್ಲೋ ಪ್ರತಿಭಟನೆ ನಡೆದಾಗ, ಸೇರಿದವರಲ್ಲಿ ಯಾರಿಗೆ ನಿಜವಾದ ಕಳಕಳಿಯಿದೆ, ಎಲ್ಲರೂ ಹೊರಟರೆಂದು ತಾವೂ ಹೊರಟವರು ಯಾರು ಎಂಬುದನ್ನು ಮುಖ ನೋಡಿ ಹೇಳಲಾಗದು. ಇತರರ ಮನಸ್ಸನ್ನು ಅಳೆಯುವ ಗೊಡವೆಯೂ ನಮಗೆ ಬೇಡ. ನಮ್ಮ ಸಿಟ್ಟು ಅನ್ಯಾಯಕ್ಕೆ ಒಳಗಾದವರ ಉಪಯೋಗಕ್ಕೆ ಬರುವಂತೆ ಮಾಡುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ನಿಮ್ಮ ಗ್ರಾಮದಲ್ಲಿ ಕರಾವಳಿಯ ಆದಿವಾಸಿ ಸಮುದಾಯವಾದ ಕೊರಗರ ಕುಟುಂಬವೊಂದರ ಮನೆಗೆ ಹೋಗುವ ಕಾಲುದಾರಿಗೆ ಯಾರೋ ಬೇಲಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಬಂದೊಡನೆ ಸ್ಟೇಟಸ್ ಹಾಕುವ ಬದಲು ಆ ಮನೆಗೆ ಹೋಗಿ, ಅವರಿಗೆ ಏನು ಆಗಬೇಕಾಗಿದೆ ಎಂದು ಕೇಳಿ. ಅವರಿಗೆ ಬೇಕಾಗಿರುವುದು ದಾರಿ. ನಮಗೆ ಹೊಳೆಯುವುದು ಕ್ರಾಂತಿ. ಬೇಲಿ ಹಾಕಿದವರ ತೋಟಕ್ಕೇ ಅವರು ಕೂಲಿಗೆ ಹೋಗುತ್ತಿರಬಹುದು. ಹೊರಗಿನವರು ಘೋಷಣೆ ಕೂಗಿ ಸಂಜೆಯ ಬಸ್ಸಿಗೆ ಮರಳಿದ ಮೇಲೆ, ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂಬ ಮಾತನ್ನು ಕೇಳಬೇಕಾದವರು ಅವರೇ. ಆದ್ದರಿಂದ ಅವರು ಸ್ವಲ್ಪ ತಡೆಯಿರಿ ಎಂದರೆ ತಡೆಯಬೇಕು. ಭಯದಿಂದ ಹಾಗೆ ಹೇಳುವುದೂ ಉಂಟು. ಆಗ ಭಯದ ಕಾರಣ ತಿಳಿದು ಅದಕ್ಕೆ ಪರಿಹಾರ ಹುಡುಕುವುದು ಮೊದಲ ಕೆಲಸವೇ ಹೊರತು ಅವರ ಲೆಕ್ಕದಲ್ಲಿ ನಾವು ಧೈರ್ಯ ಪ್ರದರ್ಶಿಸುವುದಲ್ಲ.

ಎರಡನೆಯದಾಗಿ, ಕಾಗದಪತ್ರ ನೋಡಿ. ದಾರಿ ಇರುವುದು ಖಾಸಗಿ ಒಡೆತನದ ವರ್ಗ ಜಾಗದಲ್ಲೋ, ಅದಕ್ಕೆ ತಾಗಿದ ಸರ್ಕಾರಿ ಜಾಗವಾದ ಕುಮ್ಕಿಯಲ್ಲೋ, ಸಾರ್ವಜನಿಕ ಬಳಕೆಗೆ ಬಿಟ್ಟ ಪರಂಬೋಕಿನಲ್ಲೋ ಎಂಬುದರ ಮೇಲೆ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು ಎಂಬುದು ನಿರ್ಧಾರವಾಗುತ್ತದೆ. ಪಹಣಿ ಮತ್ತು ಸರ್ವೆ ನಕ್ಷೆ ಕೈಯಲ್ಲಿಲ್ಲದೆ ಮಾಡಿದ ಭಾಷಣಕ್ಕೆ ಗ್ರಾಮ ಆಡಳಿತಾಧಿಕಾರಿ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟು ಕಳುಹಿಸಬಲ್ಲರು. ಕಾನೂನನ್ನೂ ಅರ್ಧ ತಿಳಿದರೆ ಸಾಲದು. ಕೊರಗರನ್ನು ಕೀಳಾಗಿ ಕಾಣುವ ಅಜಲು ಪದ್ಧತಿ ಎಂದರೆ ಅವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಓಡಿಸುವುದು ಎಂದಷ್ಟೇ ತಿಳಿದವರು ಬಹಳ. ಆದರೆ ಕೊರಗರಿಗೆ ಕೂಲಿ ಕೊಡದೆ ದುಡಿಸುವುದು, ಇತರರಿಗಿಂತ ಕಡಿಮೆ ಕೊಡುವುದು ಸಹ ಕರ್ನಾಟಕದ 2000ರ ಅಜಲು ಪದ್ಧತಿ ನಿಷೇಧ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಫೋಟೊ ಹಂಚುವ ವಿಷಯದಲ್ಲಿ ಹೆಚ್ಚು ಮಾತು ಬೇಡ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಸತ್ತವರ ಗುರುತಿಗೂ ಈ ರಕ್ಷಣೆಯಿದೆ ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ನ್ಯಾಯ ಕೇಳುವ ಬ್ಯಾನರಿನಲ್ಲೇ ಸಂತ್ರಸ್ತೆಯ ಮುಖ ಅಚ್ಚಾಗುವುದು ನಮ್ಮ ಕರಾವಳಿಯಲ್ಲಿ ಅಪರೂಪವಲ್ಲ.

ಹಾಗೆಂದು ಜನ ಸೇರುವುದೇ ವ್ಯರ್ಥವೆಂದು ತಿಳಿಯಬಾರದು. ಸುರತ್ಕಲ್ ಟೋಲ್‌ಗೇಟ್ ವಿರುದ್ಧದ ಹೋರಾಟ ವರ್ಷಗಟ್ಟಲೆ ನಡೆದು, 2022ರ ಅಕ್ಟೋಬರ್ ಕೊನೆಯಲ್ಲಿ ಹಗಲು ರಾತ್ರಿ ಧರಣಿಯ ರೂಪ ತಾಳಿ, ಡಿಸೆಂಬರ್ 1ರಂದು ಅಲ್ಲಿ ಸುಂಕ ವಸೂಲಿ ನಿಂತಿತು. ಅಲ್ಲಿ ಬೇಡಿಕೆ ಒಂದೇ ಇತ್ತು. ಎರಡು ಟೋಲ್‌ಗೇಟ್‌ಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರವಿರಬೇಕೆಂಬ ನಿಯಮ ಅದರ ಬೆನ್ನಿಗಿತ್ತು; ಗುಂಪಿನ ತುದಿಯಲ್ಲಿ ನಿಂತವರೂ ಅದನ್ನು ಹೇಳಬಲ್ಲವರಾಗಿದ್ದರು. ಎಲ್ಲರೂ ಹೋದರೆಂದು ಹೋದವರಿಂದಲೂ ಇಂಥಲ್ಲಿ ಬಲ ಬರುತ್ತದೆ. ಆದರೂ ಗೇಟು ಮುಚ್ಚಿದ ಸಂಭ್ರಮವನ್ನು ಹಂಚಿಕೊಂಡವರಲ್ಲಿ ಎಷ್ಟು ಮಂದಿ, ಆ ಸುಂಕವನ್ನು ಹೆಜಮಾಡಿಯ ಟೋಲ್‌ಗೇಟಿನಲ್ಲಿ ವಿಲೀನಗೊಳಿಸುವ ಸಂಗತಿಯನ್ನೂ ಓದಿದ್ದರು? ಗೆಲುವಿನ ಆದೇಶವನ್ನು ಕೊನೆಯ ಸಾಲಿನವರೆಗೆ ಓದುವುದು ಹೋರಾಟದ ಭಾಗವೇ ಆಗಿದೆ.

ನಮ್ಮಲ್ಲಿ ಹೆಚ್ಚಿನ ಪ್ರತಿಭಟನೆಗಳು ಸತ್ತುಹೋಗುವುದು ಮನವಿ ಸಲ್ಲಿಸುವ ಹೊತ್ತಿಗೆ. ಅಧಿಕಾರಿ ಹೊರಬರುತ್ತಾರೆ, ಒಂದು ಹಾಳೆಯನ್ನು ಹನ್ನೆರಡು ಕೈಗಳು ಹಿಡಿದು ಕೊಡುತ್ತವೆ, ಫೋಟೊ ಆಗುತ್ತದೆ, ಎಲ್ಲರೂ ಚಹಾಕ್ಕೆ ಹೋಗುತ್ತಾರೆ. ಮನವಿಯ ಪ್ರಯಾಣ ಆರಂಭವಾಗುವುದು ಅನಂತರ. ಒಬ್ಬರು ಟಪಾಲು ವಿಭಾಗಕ್ಕೆ ಹೋಗಿ, ಎರಡನೆಯ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಂಡು, ಸ್ವೀಕೃತಿ ಸಂಖ್ಯೆಯನ್ನು ಬರೆಸಿಕೊಳ್ಳಬೇಕು. ಆ ಸಂಖ್ಯೆಯಿಲ್ಲದಿದ್ದರೆ ಮುಂದಿನ ತಿಂಗಳು ಗುಮಾಸ್ತರ ಎದುರು ನಿಂತಾಗ, ಯಾವ ಮನವಿ, ಯಾವಾಗ ಕೊಟ್ಟಿದ್ದು ಎಂಬ ಪ್ರಶ್ನೆಗೆ ತೋರಿಸಲು ಪತ್ರಿಕೆಯಲ್ಲಿ ಬಂದ ಫೋಟೊ ಮಾತ್ರ ಉಳಿದಿರುತ್ತದೆ.

ಕಡತ ಅಲುಗಾಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಲಗತ್ತಿಸಬಹುದು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು ಮತ್ತು ಅದು 150 ಪದಗಳನ್ನು ಮೀರಬಾರದು. ಹೋರಾಟಗಾರರ ಬರವಣಿಗೆಗೆ ಈ ಮಿತಿ ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಯಾಕೆ ನ್ಯಾಯ ಕೊಡಲಿಲ್ಲ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬಾರದು. ಇಂಥ ಸಂಖ್ಯೆಯ ಮನವಿಯ ಮೇಲೆ ಬರೆದ ಟಿಪ್ಪಣಿಗಳ ಮತ್ತು ನಡೆಸಿದ ಸ್ಥಳ ತನಿಖೆಯ ವರದಿಯ ದೃಢೀಕೃತ ಪ್ರತಿ ಬೇಕು ಎಂದು ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೂ ಫಲ ಸಿಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಈ ದಿನಾಂಕಗಳನ್ನು ಗುರುತು ಹಾಕಿಕೊಳ್ಳುವ ಕೆಲಸವನ್ನು ಒಬ್ಬರ ಹೆಸರಿಗೇ ಒಪ್ಪಿಸಿ. ಎಲ್ಲರ ಕೆಲಸವೆಂದರೆ ಯಾರೂ ಮಾಡುವುದಿಲ್ಲ.

ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದಾಗ ಅವರ ಬೆನ್ನ ಹಿಂದೆ ಗುಂಪಿರಲಿಲ್ಲ. ಸ್ವಂತ ಸಮುದಾಯ ಬಹಿಷ್ಕಾರ ಹಾಕಿತ್ತು. ದಲಿತ ಮಕ್ಕಳಿಗೆ ಶಾಲೆ, ದೊಡ್ಡವರಿಗೆ ಕಸುಬಿನ ತರಬೇತಿ, ಮನೆ ಕಟ್ಟಲು ನಿವೇಶನ ಎಂದು ಅವರು 1928ರಲ್ಲಿ ತೀರಿಕೊಳ್ಳುವವರೆಗೂ ತೊಡಗಿಕೊಂಡದ್ದು ಘೋಷಣೆಗೆ ಒಗ್ಗದ ಕೆಲಸಗಳಲ್ಲಿ. ಅವರ ಹೆಸರಿನ ಪುರಭವನದಲ್ಲಿ ಸಭೆ ನಡೆಸುವ ನಾವೆಲ್ಲ ಅಂಥ ಒಂದು ಕೆಲಸವನ್ನಾದರೂ ವಹಿಸಿಕೊಂಡಿದ್ದೇವೆಯೇ ಎಂದು ಕೇಳಿಕೊಳ್ಳಬಹುದು.

ಪ್ರಕರಣ ಪೊಲೀಸ್ ಠಾಣೆಗೆ ಹೋದರೆ ಕೆಲಸ ಇನ್ನೂ ನಿಧಾನವಾಗುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನ ಅಧಿಕಾರಿ ತನಿಖೆ ಮಾಡುವಂತಿಲ್ಲ. ತನಿಖೆ ಮುಗಿಸಿ ದೋಷಾರೋಪ ಪಟ್ಟಿ ಸಲ್ಲಿಸಲು 60 ದಿನಗಳ ಗಡುವಿದೆ. ಕಾಯ್ದೆಯ 15ಎ ಕಲಮಿನಂತೆ ಜಾಮೀನು ಅರ್ಜಿಯ ವಿಚಾರಣೆಯೂ ಸೇರಿ ಪ್ರತಿಯೊಂದು ಕಲಾಪದ ಸೂಚನೆಯನ್ನು ಸಂತ್ರಸ್ತರಿಗೆ ಮೊದಲೇ ಕೊಡಬೇಕು, ಜಾಮೀನಿನ ವೇಳೆ ಅವರ ಮಾತು ಕೇಳಬೇಕು, ಮತ್ತು ಅವರು ಸಮಾಜ ಸೇವಕರ ಅಥವಾ ವಕೀಲರ ನೆರವು ಪಡೆಯಬಹುದು. ನ್ಯಾಯಾಲಯದಲ್ಲಿ ಅವರ ಪಕ್ಕ ಕುಳಿತುಕೊಳ್ಳಲು ನಿಮಗೆ ಅವಕಾಶವಿರುವುದು ಹೀಗೆ. ವಿಚಾರಣೆ ಮುಂದಕ್ಕೆ ಹೋದ ದಿನ ಬೆಳ್ತಂಗಡಿಯಿಂದಲೋ ಸುಳ್ಯದಿಂದಲೋ ಬಂದವರಿಗೆ ಬಸ್ಸಿನ ಖರ್ಚೂ ಒಂದು ದಿನದ ಕೂಲಿಯೂ ನಷ್ಟ. ತನಿಖೆ ಮತ್ತು ವಿಚಾರಣೆಯ ಕಾಲದ ಪ್ರಯಾಣ ವೆಚ್ಚ ಹಾಗೂ ಜೀವನ ವೆಚ್ಚವನ್ನು ಪಡೆಯುವ ಹಕ್ಕನ್ನೂ ಅದೇ ಕಲಮು ಕೊಟ್ಟಿದೆ. ಟಿಕೆಟುಗಳನ್ನು ಜೋಡಿಸಿಟ್ಟು ಅದಕ್ಕಾಗಿ ಅರ್ಜಿ ಬರೆದುಕೊಡಿ.